ರಾಕ್ ಸ್ಟಾರ್ ಸಿಗೋದು ಯಾರಿಗೆ?

ಬೆಂಗಳೂರಿನಲ್ಲಿ ರಾಕ್ ಸಂಗೀತದ ಹುಚ್ಚು ಹಿಡಿಸಿಕೊಂಡವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ನಮಗೆ ಪರಿಚಯ ಜಾಸ್ತಿ ಇರೋದು ಗಿಟಾರ್ ನುಡಿಸುವವರದ್ದಲ್ಲ, ಗೇಟ್ ಕಾಯುವವರದ್ದು. ಅರಮನೆ ಮೈದಾನದಲ್ಲಿ ಯಾವ ಸೆಕ್ಯುರಿಟಿಯವರು ಸಿಡುಕರು, ಯಾರು ಟೀ ಕೊಡಿಸಿದರೆ ಮಾತಿಗೆ ಸಿಗುತ್ತಾರೆ, ದೊಡ್ಡ ಹೋಟೆಲಿನ ಬಾಗಿಲಲ್ಲಿ ಪೇಟ ಸುತ್ತಿಕೊಂಡು ಸಲಾಮ್ ಹೊಡೆಯುವ ಯಜಮಾನರು ಯಾವ ಊರಿನವರು, ಇದೆಲ್ಲ ನನಗೆ ಬಾಯಿಪಾಠ. ಒಬ್ಬರ ಮಗಳ ಮದುವೆಗೂ ಹೋಗಿ ಬಂದಿದ್ದೇನೆ. ಅವರು ಯಾರನ್ನು ಕಾಯುತ್ತಿದ್ದರೋ ಆ ಮಹಾನುಭಾವರ ಬೆನ್ನು ಕೂಡ ನನಗೆ ಸರಿಯಾಗಿ ಕಂಡಿಲ್ಲ.

ಅವಕಾಶ ಇರಲಿಲ್ಲ ಅಂತಲ್ಲ. ನಮ್ಮೂರಿಗೆ ಯಾರು ಬಂದಿಲ್ಲ ಹೇಳಿ? 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು, ಬರುವಾಗ ಮಳೆಯನ್ನೂ ಕರೆದುಕೊಂಡು ಬಂದರು. 2005ರಲ್ಲಿ ಮಾರ್ಕ್ ನಾಫ್ಲರ್ ಬಂದರು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಅದಕ್ಕೆ ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಅವರ ಕಾರ್ಯಕ್ರಮ ನಿಂತುಹೋಗಿ, ರೊಚ್ಚಿಗೆದ್ದ ಜನ ವೇದಿಕೆಯನ್ನೇ ಮುರಿದು ಹಾಕಿದ್ದರು. ನಾವು ಹಾಗಲ್ಲ. ಕ್ಯೂನಲ್ಲಿ ನಿಂತೆವು, ಜೇಬು ತಟ್ಟಿಸಿಕೊಂಡೆವು, ನೀರಿನ ಬಾಟಲಿ ಒಪ್ಪಿಸಿದೆವು, ಗಂಟಲು ಹರಿಯುವ ತನಕ ಕೂಗಿ ಮನೆಗೆ ಹೋದೆವು.

ಆದರೆ ಅಭಿಮಾನಿಗೆ ಅಷ್ಟು ಸಾಕಾಗುವುದಿಲ್ಲ. ಅವನಿಗೆ ಎದುರಾಎದುರು ಸಿಗಬೇಕು. ಸಿಕ್ಕಿ ಏನು ಮಾಡ್ತೀಯಾ ಅಂತ ಕೇಳಿದರೆ ಉತ್ತರ ಇರಲ್ಲ. 'ನಿಮ್ಮ ಹಾಡು ತುಂಬಾ ಇಷ್ಟ' ಅನ್ನಬಹುದು. ಅದು ಅವರಿಗೆ ಗೊತ್ತಿರುತ್ತೆ, ಇಲ್ಲದಿದ್ದರೆ ಇಷ್ಟು ದೂರ ಯಾಕೆ ಬರುತ್ತಿದ್ದರು? 'ಊಟ ಆಯ್ತಾ?' ಅಂತ ಕೇಳಬಹುದು. ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಮಾತಿಲ್ಲ, ಆದರೆ ಇಂಗ್ಲಿಷಿನಲ್ಲಿ ಕೇಳಿದರೆ ಊಟಕ್ಕೆ ಕರೆದ ಹಾಗಾಗುತ್ತದೆ.

ನನ್ನ ದೇವರು ಐರನ್ ಮೇಡನ್. ಆ ಬ್ಯಾಂಡಿಗೆ ಎಡ್ಡಿ ಅಂತ ಒಂದು ಗುರುತಿನ ಬೊಂಬೆ ಇದೆ, ಅರ್ಧ ಹೆಣ, ಅರ್ಧ ಅಸ್ಥಿಪಂಜರ. ಅದರ ಚಿತ್ರ ಇರುವ ಕಪ್ಪು ಟೀ ಶರ್ಟನ್ನು ನಾನು ಮಹಡಿಯ ತಂತಿ ಮೇಲೆ ಒಣಗಿ ಹಾಕುತ್ತಿದ್ದೆ. ಮನೆ ಓನರ್ ಆಂಟಿ ಕೊನೆಗೊಂದು ದಿನ ತಡೆಯಲಾರದೆ ಹೇಳಿಬಿಟ್ಟರು. "ನೋಡಪ್ಪಾ, ದೀಪ ಹಚ್ಚೋ ಹೊತ್ತಲ್ಲಿ ತಲೆ ಎತ್ತಿದ್ರೆ ಈ ದೆವ್ವ ನೇತಾಡ್ತಿರುತ್ತೆ. ಒಳಗೇ ಒಣಗಿಸ್ಕೊ." ಅವತ್ತಿನಿಂದ ಎಡ್ಡಿ ನಮ್ಮ ರೂಮಿನಲ್ಲಿ ಫ್ಯಾನಿನ ಕೆಳಗೆ ತಿರುಗುತ್ತಾ ಒಣಗಿದ.

ಈ ಬ್ಯಾಂಡಿನ ಹಾಡುಗಾರ ಬ್ರೂಸ್ ಡಿಕಿನ್ಸನ್. ಅವರು ಬರೀ ಹಾಡುಗಾರರಲ್ಲ, ವಿಮಾನದ ಪೈಲಟ್ ಕೂಡ. ಸುಮ್ನೆ ಶೋಕಿಗೆ ಕಲಿತದ್ದೂ ಅಲ್ಲ. ಬ್ರಿಟನ್ನಿನ ಅಸ್ಟ್ರೇಯಸ್ ಅನ್ನೋ ವಿಮಾನ ಕಂಪನಿಯಲ್ಲಿ ಕ್ಯಾಪ್ಟನ್ ಆಗಿ ದುಡಿದವರು. 2008ರಲ್ಲಿ ಬ್ಯಾಂಡಿನವರು ಒಂದು ಬೋಯಿಂಗ್ 757 ಬಾಡಿಗೆಗೆ ಹಿಡಿದು, ಹಿಂದಿನ ಸೀಟು ಕಿತ್ತು ಆಂಪ್ಲಿಫೈಯರು, ಡ್ರಮ್ಮು ತುಂಬಿ, ಬಾಲಕ್ಕೆ ಎಡ್ಡಿಯ ಚಿತ್ರ ಬರೆಸಿ ಪ್ರಪಂಚ ಸುತ್ತಿದರು. ಓಡಿಸಿದ್ದು ಡಿಕಿನ್ಸನ್ನೇ. ಆ ಪ್ರವಾಸದ ಮೊದಲ ಕಾರ್ಯಕ್ರಮ ನಡೆದದ್ದು ಮುಂಬೈಯಲ್ಲಿ, ಫೆಬ್ರವರಿ 1ಕ್ಕೆ. ಮರುವರ್ಷ ಫೆಬ್ರವರಿ 15ಕ್ಕೆ ಮತ್ತೆ ಬೆಂಗಳೂರಿನ ಸರದಿ ಬಂತು.

ಇದನ್ನು ನನ್ನ ರೂಮ್‌ಮೇಟಿಗೆ ವಿವರಿಸಿದೆ. ಅವನು ಹುಬ್ಬಳ್ಳಿಯವನು. ಭೀಮಸೇನ ಜೋಶಿಯವರ ಕ್ಯಾಸೆಟ್ ಬಿಟ್ಟರೆ ಅವನ ಹತ್ತಿರ ಬೇರೆ ಸಂಗೀತ ಇರಲಿಲ್ಲ. ಪೂರ್ತಿ ಕೇಳಿಸಿಕೊಂಡು ಅಂದ, "ಈ ಮನಷ್ಯಾ ಹಾಡ್ತಾನೋ, ವಿಮಾನ ಹೊಡಿತಾನೋ? ಒಂದ್ ಹೇಳಲೇ." ಎರಡೂ ಮಾಡ್ತಾರೆ ಅಂದೆ. "ಅಂದ್ರ ಎರಡ್ರಾಗೂ ಪಗಾರ ಸಾಲೂದಿಲ್ಲ ಅಂದಂಗಾತು" ಅಂದ. ಆದರೂ ಜೊತೆಗೆ ಬರಲು ಒಪ್ಪಿದ. ದೇವನಹಳ್ಳಿಯ ಹೊಸ ಏರ್‌ಪೋರ್ಟ್ ಅವನು ನೋಡಿರಲಿಲ್ಲ.

ವೋಲ್ವೋ ಬಸ್ಸು ಹತ್ತಿ ಹೋದೆವು. ಏರ್‌ಪೋರ್ಟಿನ ಹೊರಗೆ ನಮ್ಮಂಥ ಕಪ್ಪು ಟೀ ಶರ್ಟಿನವರು ಒಂದಷ್ಟು ಜನ ಆಗಲೇ ಬಂದಿದ್ದರು. ಒಬ್ಬ ಹಾರ ತಂದಿದ್ದ. ಸೇವಂತಿಗೆ ಹಾರ, ರಾಜಕಾರಣಿಗಳಿಗೆ ಹಾಕ್ತಾರಲ್ಲ ಅಂಥದ್ದು. ನಮ್ಮ ಸುತ್ತ ಬೋರ್ಡ್ ಹಿಡಿದ ಟ್ಯಾಕ್ಸಿ ಡ್ರೈವರ್‌ಗಳು. ನಮಗೆಲ್ಲ ಒಂದೇ ಗೊಂದಲ. ಡಿಕಿನ್ಸನ್ ಬರೋದು ಪ್ರಯಾಣಿಕರ ದಾರಿಯಲ್ಲೋ, ಪೈಲಟ್‌ಗಳ ದಾರಿಯಲ್ಲೋ? ಹಾಗಾಗಿ ಬಿಳಿ ಶರ್ಟು, ಹೆಗಲ ಮೇಲೆ ಪಟ್ಟಿ ಇರುವವರು ಯಾರು ಹೊರಗೆ ಬಂದರೂ ಗುಂಪಿನಲ್ಲಿ ಗುಸುಗುಸು ಶುರುವಾಗುತ್ತಿತ್ತು. ಒಬ್ಬ ಪೈಲಟ್ ತೆಳ್ಳಗೆ, ಬೆಳ್ಳಗೆ, ಟ್ರಾಲಿ ಎಳೆದುಕೊಂಡು ಬಂದರು. ಹಾರದ ಹುಡುಗ ನುಗ್ಗಿಯೇಬಿಟ್ಟ. ಆ ಪುಣ್ಯಾತ್ಮ ದೇಶದೊಳಗಿನ ಯಾವುದೋ ಮಾಮೂಲಿ ವಿಮಾನ ಇಳಿಸಿ ಮನೆಗೆ ಹೊರಟವರು. ಹಾರ ಕುತ್ತಿಗೆಗೆ ಬಿದ್ದಾಗ ಒಂದು ಕ್ಷಣ ಕಣ್ಣು ಬಿಟ್ಟರು. ಆಮೇಲೆ ಕೈಮುಗಿದರು. ವಿಮಾನ ಹೊತ್ತಿಗೆ ಸರಿಯಾಗಿ ಇಳಿಸಿದ್ದಕ್ಕೆ ಜನ ಇಷ್ಟೊಂದು ಖುಷಿಪಟ್ಟಿದ್ದಾರೆ ಅಂದುಕೊಂಡರೋ ಏನೋ. ಹಾರದ ಸಮೇತ ಕ್ಯಾಬ್ ಹತ್ತಿ ಹೋದರು.

ಅಷ್ಟರಲ್ಲಿ ನನ್ನ ರೂಮ್‌ಮೇಟ್ ಒಬ್ಬ ಡ್ರೈವರ್ ಜೊತೆ ಗಳಸ್ಯಕಂಠಸ್ಯ ಆಗಿದ್ದ. ಆ ಡ್ರೈವರ್ ಹಿಂದೊಮ್ಮೆ ಯಾವುದೋ ಬ್ಯಾಂಡಿನವರನ್ನು ಊರೆಲ್ಲ ಸುತ್ತಿಸಿದ್ದರಂತೆ. ನಾನು ಓಡಿದೆ. ಯಾವ ಬ್ಯಾಂಡು? "ಹೆಸ್ರೆಲ್ಲ ಗೊತ್ತಿಲ್ಲ ಸಾರ್. ಕೂದ್ಲು ಉದ್ದ ಇತ್ತು." ಏನು ಮಾತಾಡಿದರು? "ಏನಿಲ್ಲ ಸಾರ್, ಹಾರ್ನ್ ಜಾಸ್ತಿ ಹೊಡೀಬೇಡಿ, ತಲೆನೋವು ಬರುತ್ತೆ ಅಂದ್ರು." ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ದಿನ ಪಕ್ಕದಲ್ಲೇ ಕೂರಿಸಿಕೊಂಡ ಈ ಮನುಷ್ಯ, ಅವರ ಜೊತೆ ಎಳನೀರು ಕುಡಿದ ಈ ಮನುಷ್ಯ, ಹೆಸರು ಕೂಡ ಕೇಳಿಲ್ಲ!

ನಮ್ಮವರು ಅವತ್ತು ಯಾವ ದಾರಿಯಲ್ಲಿ ಹೊರಗೆ ಹೋದರೋ, ನಮಗಂತೂ ಕಾಣಲಿಲ್ಲ.

ಕಾರ್ಯಕ್ರಮದ ದಿನ ಇನ್ನೊಂದು ಪ್ರಯತ್ನ. ಅರಮನೆ ಮೈದಾನ ಅಂದರೆ ಒಂದೇ ಮೈದಾನ ಅಲ್ಲ. ಒಂದು ಕಡೆ ರಾಕ್ ಸಂಗೀತ, ಇನ್ನೊಂದು ಕಡೆ ಫರ್ನಿಚರ್ ಮೇಳ, ಮತ್ತೊಂದು ಕಡೆ ಮದುವೆ ಆರತಕ್ಷತೆ, ಎಲ್ಲ ಒಟ್ಟಿಗೆ ನಡೆಯುವ ಜಾಗ. ಮೇಕ್ರಿ ಸರ್ಕಲ್ ಕಡೆಯಿಂದ ಬರುವ ಕಾರುಗಳಲ್ಲಿ ಯಾವುದು ಯಾರದ್ದು ಅಂತ ಹೇಳೋದು ಕಷ್ಟ. ಕಪ್ಪು ಗಾಜಿನ ಬಿಳಿ ಇನ್ನೋವಾಗಳು ಸಾಲಾಗಿ ಬಂದವು. ಯಾರೋ "ಅವರೇ!" ಅಂದರು. ಅಷ್ಟೇ. 'ಮೇಡನ್! ಮೇಡನ್!' ಅಂತ ಕೂಗುತ್ತಾ ಇಡೀ ಗುಂಪು ಮುಂದಿನ ಕಾರನ್ನು ಮುತ್ತಿಕೊಂಡಿತು. ನಿಧಾನಕ್ಕೆ ಗಾಜು ಇಳಿಯಿತು. ಒಳಗೆ ಸೂಟು ಹಾಕಿಕೊಂಡು, ಮೈಸೂರು ಪೇಟ ತೊಡೆ ಮೇಲೆ ಇಟ್ಟುಕೊಂಡ ಮದುಮಗ. ಪಕ್ಕದಲ್ಲಿ ಅವರ ಸೋದರತ್ತೆ ಇರಬೇಕು, ಗಾಬರಿಯಲ್ಲಿ ಒಡವೆ ಮೇಲೆ ಸೆರಗು ಎಳೆದುಕೊಂಡರು. ಪಾಪ, ಆ ಹುಡುಗನ ಮುಖದಲ್ಲಿದ್ದ ಭಯ ಮದುವೆಯ ಬಗ್ಗೆಯೋ ನಮ್ಮ ಬಗ್ಗೆಯೋ ಗೊತ್ತಾಗಲಿಲ್ಲ.

ಎಲ್ಲರೂ ಪೆಚ್ಚಾಗಿ ಹಿಂದೆ ಸರಿದರು. ನನ್ನ ರೂಮ್‌ಮೇಟ್ ಸರಿಯಲಿಲ್ಲ. ಕಿಟಕಿಯಲ್ಲಿ ಕೈ ಹಾಕಿ ಮದುಮಗನ ಕೈ ಕುಲುಕಿ, "ಛಲೋ ಸಂಸಾರ ಮಾಡ್ರಿ" ಅಂದ. ಅತ್ತೆಯವರಿಗೆ ಜೀವ ಬಂತು. "ಊಟ ಮಾಡ್ಕೊಂಡೇ ಹೋಗಬೇಕಪ್ಪಾ" ಅಂದರು. ಇವನು ಹೋದ! ನಾನು ಬಿಸಿಲಲ್ಲಿ ಗೇಟಿನ ಮುಂದೆ ನಿಂತೆ. ಅವನು ಕತ್ತಲಾದ ಮೇಲೆ ಬೀಡಾ ಜಗಿಯುತ್ತಾ ಬಂದು, ಹೋಳಿಗೆಗೆ ತುಪ್ಪ ಕಡಿಮೆ ಹಾಕಿದರು ಅಂತ ದೂರಿದ.

ಇಷ್ಟೆಲ್ಲ ಒದ್ದಾಡುವ ಬದಲು ದುಡ್ಡು ಕೊಟ್ಟು ಭೇಟಿಯಾಗಬಹುದಲ್ವಾ ಅಂತ ನೀವು ಕೇಳಬಹುದು. ಈಗ ಅದಕ್ಕೂ ಟಿಕೆಟ್ ಇದೆ, 'ಮೀಟ್ ಅಂಡ್ ಗ್ರೀಟ್' ಅಂತ. 2014ರಲ್ಲಿ ಬ್ರೆಜಿಲ್‌ನಲ್ಲಿ ಕೆನಡಾದ ಗಾಯಕಿ ಅವ್ರಿಲ್ ಲವೀನ್ ಜೊತೆ ಫೋಟೋ ತೆಗೆಸಿಕೊಳ್ಳಲು ಅಭಿಮಾನಿಗಳು ಸುಮಾರು 400 ಡಾಲರ್ ಕೊಟ್ಟಿದ್ದರು. ಮುಟ್ಟುವ ಹಾಗಿರಲಿಲ್ಲ. ಆ ಫೋಟೋಗಳು ಊರೆಲ್ಲ ಹರಿದಾಡಿದವು. ನಮ್ಮ ಹಳೇ ಕಾಲದ ಮದುವೆ ಫೋಟೋಗಳಲ್ಲಿ ವಧು-ವರರು ಕೂಡ ಅದಕ್ಕಿಂತ ಹತ್ತಿರ ನಿಲ್ಲುತ್ತಿದ್ದರು. ಇನ್ನು ಬೀಟಲ್ಸ್‌ನ ರಿಂಗೋ ಸ್ಟಾರ್ 2008ರ ಅಕ್ಟೋಬರ್‌ನಲ್ಲಿ ವಿಡಿಯೊ ಮಾಡಿ ಹೇಳಿಯೇಬಿಟ್ಟರು: 20ನೇ ತಾರೀಕಿನ ನಂತರ ಅಭಿಮಾನಿಗಳ ಪತ್ರ ಬಂದರೆ ಕಸದ ಬುಟ್ಟಿಗೆ, ಸಹಿ ಹಾಕಿಸೋಕೆ ಏನೂ ಕಳಿಸಬೇಡಿ. ಹೇಳುವಾಗ ನಡುನಡುವೆ 'ಶಾಂತಿ, ಪ್ರೀತಿ' ಅಂತಲೂ ಅನ್ನುತ್ತಿದ್ದರು. ಅಷ್ಟು ಪ್ರೀತಿಯಿಂದ ಬೈಸಿಕೊಳ್ಳುವ ಯೋಗ ಎಲ್ಲರಿಗೂ ಬರಲ್ಲ.

ಅದೇ ಬೀಟಲ್ಸ್ 1968ರಲ್ಲಿ ಋಷಿಕೇಶದ ಮಹೇಶ್ ಯೋಗಿಯವರ ಆಶ್ರಮಕ್ಕೆ ಬಂದಿದ್ದಾಗ ಗೇಟಿನ ಹೊರಗೆ ಪತ್ರಕರ್ತರ ಜಾತ್ರೆ. ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ. ಪಾಲ್ ಸಾಲ್ಟ್ಜ್‌ಮನ್ ಅನ್ನೋ ಕೆನಡಾದ ಹುಡುಗ ಅಲ್ಲಿಗೆ ಬಂದದ್ದು ಬೇರೆ ಕಾರಣಕ್ಕೆ. ಪ್ರೀತಿಸಿದ ಹುಡುಗಿ ಕೈಕೊಟ್ಟು ಪತ್ರ ಬರೆದಿದ್ದಳು. ನೋವು ಮರೆಯೋಕೆ ಧ್ಯಾನ ಕಲಿಯಬೇಕಿತ್ತು. ಹೊರಗೆ ಕಾದ, ಒಳಗೆ ಬಿಟ್ಟರು. ಒಂದು ದಿನ ಮೇಜಿನ ಸುತ್ತ ಕೂತಿದ್ದವರನ್ನು ನೋಡಿ, ನಾನೂ ಕೂರಬಹುದಾ ಅಂತ ಕೇಳಿದ. ಕೂತಿದ್ದವರು ಬೀಟಲ್ಸ್. ಅವನು ಆಗ ತೆಗೆದ ಫೋಟೋಗಳು ಇವತ್ತು ಜಗತ್ಪ್ರಸಿದ್ಧ. ಹೋಗಲಿ ಅಂದರೆ, ನಮ್ಮ ಡಿಕಿನ್ಸನ್ ವಿಷಯವೂ ಹಾಗೇ. 2008ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಒಂದು ವಿಮಾನ ಕಂಪನಿ ಮುಳುಗಿ, ಪ್ರವಾಸಿಗರು ಈಜಿಪ್ಟಿನಲ್ಲಿ ಸಿಕ್ಕಿಹಾಕಿಕೊಂಡಾಗ ಅವರನ್ನು ಊರಿಗೆ ತಂದು ಬಿಟ್ಟವರು ಇವರೇ. ಆ ವಿಮಾನದಲ್ಲಿ ಎಷ್ಟು ಜನ ಅಜ್ಜಿಯಂದಿರು ಇಳಿಯುವಾಗ 'ಥ್ಯಾಂಕ್ಸ್ ಕಣಪ್ಪಾ' ಅಂತ ಹೇಳಿ, ಹಿಂತಿರುಗಿಯೂ ನೋಡದೆ ಬ್ಯಾಗು ಹುಡುಕಲು ಹೋಗಿರಬಹುದು! ನನಗೆ ಹೊಟ್ಟೆ ಉರಿಯೋದು ಆ ಅಜ್ಜಿಯರನ್ನು ನೆನೆದೇ.

ಹಾಗಂತ ನಾನು ಯಾವ ರಾಕ್ ಸಂಗೀತಗಾರನನ್ನೂ ಹತ್ತಿರದಿಂದ ನೋಡಿಲ್ಲ ಅಂತಲ್ಲ. ಬೆಂಗಳೂರಿನ ಬ್ಯಾಂಡ್‌ಗಳಲ್ಲಿ ಒಂದು ವಿಶೇಷ ಇದೆ. ರಾತ್ರಿ ಗಿಟಾರ್ ಮುರಿಯುವ ಹಾಗೆ ನುಡಿಸಿದವರು ಬೆಳಗ್ಗೆ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುತ್ತಾರೆ. ಕಾಲೇಜು ದಿನಗಳಲ್ಲಿ ನಾನು ಯಾರ ಗಿಟಾರ್‌ಗೆ ಹುಚ್ಚನಾಗಿ ಕುಣಿದಿದ್ದೆನೋ, ಹೊಸ ಕೆಲಸಕ್ಕೆ ಸೇರಿದ ಮೊದಲ ದಿನ ಮೀಟಿಂಗ್ ರೂಮಿನಲ್ಲಿ ಅವರೇ ಕೂತಿದ್ದರು. ನನ್ನ ಮ್ಯಾನೇಜರ್! ಉದ್ದ ಕೂದಲು ಹೋಗಿ ಬಕ್ಕತಲೆ ಬಂದಿತ್ತು. ಬೆರಳು ನೋಡಿ ಗುರುತು ಹಿಡಿದೆ.

ಇದಕ್ಕಿಂತ ಅದೃಷ್ಟ ಬೇಕಾ ಅಂತೀರಿ. ಬೇಡ. ಅವರ ಬ್ಯಾಂಡು ಇನ್ನೂ ವಾರಾಂತ್ಯದಲ್ಲಿ ನುಡಿಸುತ್ತಿತ್ತು. ನಾನು ತಪ್ಪದೆ ಹೋಗುತ್ತಿದ್ದೆ. ಸೋಮವಾರ ಬೆಳಗ್ಗೆ ಕಾಫಿ ಮೆಷಿನ್ ಹತ್ತಿರ ಸಿಕ್ಕಿ, "ಹೇಗಿತ್ತು?" ಅಂತ ಕೇಳೋರು. ಅಪ್ರೈಸಲ್ ಫಾರ್ಮ್ ಅವರ ಕೈಯಲ್ಲಿ. ಡ್ರಮ್ಮು ಓಡಿದ ಕಡೆ ಗಿಟಾರು ಹೋಗಿರಲಿಲ್ಲ, ಹಾಡುಗಾರ ಎರಡನೇ ಚರಣ ಮರೆತಿದ್ದ, ಮೈಕು ಗುಂಯ್ ಅಂದಿತ್ತು. "ಸೂಪರ್ ಬಾಸ್" ಅಂದೆ. ವಾರ ವಾರವೂ ಸೂಪರ್ರೇ. ಅವರೂ ಬರಬರುತ್ತಾ ನನ್ನನ್ನು ಕೇಳೋದು ಬಿಟ್ಟರು.

ಒಂದು ಭಾನುವಾರ ಹುಬ್ಬಳ್ಳಿಯವನನ್ನೂ ಕರೆದುಕೊಂಡು ಹೋದೆ. ಮುಗಿದ ಮೇಲೆ ಹೊರಗೆ ಟೀ ಅಂಗಡಿಯಲ್ಲಿ ಪರಿಚಯ ಮಾಡಿಸಿದೆ. ಅವರು ಅಭ್ಯಾಸ ಬಲದಿಂದ "ಹೇಗಿತ್ತು?" ಅಂದರು. ಇವನು ಟೀ ಊದುತ್ತಾ, "ಎರಡನೇ ಹಾಡಿನ್ಯಾಗ ನಿಮ್ಮ ಮ್ಯಾಲಿನ ತಂತಿ ಇಳದಿತ್ರೀ ಸರ. ಷಡ್ಜನ ನಿಲ್ಲವಲ್ದಾಗಿತ್ತು" ಅಂದ. ನನ್ನ ಆ ವರ್ಷದ ಇನ್‌ಕ್ರಿಮೆಂಟ್ ಕಣ್ಣೆದುರೇ ಹಾರಿಹೋಯಿತು. ಮ್ಯಾನೇಜರ್ ಗ್ಲಾಸ್ ಕೆಳಗಿಟ್ಟರು. "ನಿಮಗೆ ಗೊತ್ತಾಯ್ತಾ?" ಅಂತ ಅವನ ಭುಜ ಹಿಡಿದು ಕಟ್ಟೆ ಮೇಲೆ ಕೂರಿಸಿಕೊಂಡರು. ಆಮೇಲೆ ಶುರುವಾಯಿತು ನೋಡಿ, ಕಿರಾನಾ ಘರಾಣೆ, ತಂಬೂರಿ, ತಂತಿ ಯಾಕೆ ಸೆಕೆಗೆ ಇಳಿಯುತ್ತೆ, ಧಾರವಾಡದಲ್ಲಿ ಗಿಟಾರ್ ತಂತಿ ಸಿಗುತ್ತಾ. ನಾನು ಮೂವರ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದೆ. ನಡುವೆ ಒಮ್ಮೆ ಬಾಯಿ ಹಾಕಿದ್ದಕ್ಕೆ ಇಬ್ಬರೂ ನನ್ನ ಕಡೆ ತಿರುಗಿ, ಇನ್ನೊಂದು ರೌಂಡ್ ಟೀ ಹೇಳೋಕೆ ಕಳಿಸಿದರು.

ಹೊರಡುವಾಗ ಮ್ಯಾನೇಜರ್ ಜೇಬಿನಿಂದ ತಮ್ಮ ಗಿಟಾರ್ ಪಿಕ್, ಅಂದರೆ ತಂತಿ ಮೀಟುವ ಸಣ್ಣ ಬಿಲ್ಲೆ, ತೆಗೆದು ಅವನ ಕೈಗಿಟ್ಟರು. ಮೂಲೆ ಸವೆದದ್ದು, ಎಷ್ಟೋ ವರ್ಷದಿಂದ ಅದರಲ್ಲೇ ನುಡಿಸಿದ್ದಂತೆ. ಅದಕ್ಕೆ ನಾನು ನನ್ನ ಎಡ್ಡಿ ಟೀ ಶರ್ಟ್, ಹೊಸ ಇಯರ್‌ಫೋನ್, ಒಂದು ತಿಂಗಳ ಮೆಸ್ ಬಿಲ್ಲು, ಏನೇನೋ ಕೊಡ್ತೀನಿ ಅಂದೆ. ಅವನು ಕೊಡಲೇ ಇಲ್ಲ. ಭಾಳ ಛಲೋ ಸಾಮಾನಂತೆ. ಅದರಲ್ಲಿ ಮೊಬೈಲ್ ರೀಚಾರ್ಜ್ ಕಾರ್ಡ್ ಕೆರೆದರೆ ನಂಬರ್ ಒಂದೂ ಹಾಳಾಗುತ್ತಿರಲಿಲ್ಲವಂತೆ.