ನಿಪಾ ತಡೆಗೆ ಮೇಲ್ಮೈ ಪ್ರೋಟೀನಿನ ಲಸಿಕೆಯನ್ನೇ ನೆಚ್ಚೋಣವೇ?

ಪರ

ಬದಿಯಡ್ಕದ ನಮ್ಮ ತೋಟದಲ್ಲಿ ಬಾವಲಿ ಚೀಪಿ ಉದುರಿಸಿದ ಹಣ್ಣಡಿಕೆಯನ್ನು ಅಜ್ಜನ ಕಾಲದಿಂದಲೂ ಬರಿಗೈಯಲ್ಲೇ ಹೆಕ್ಕುತ್ತ ಬಂದವರು ನಾವು. 2018ರಲ್ಲಿ ಕೋಝಿಕ್ಕೋಡಿನ ಪೇರಾಂಬ್ರದಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಜನರ ಜೀವ ತೆಗೆದ ಸುದ್ದಿ ಕೇಳಿದ ಮೇಲೆ ಹೆಕ್ಕುವಾಗ ಕೈ ಹಿಂಜರಿಯುತ್ತದೆ.

ನಿಪಾ ವೈರಸ್ಸಿನ ಮೈಮೇಲೆ ಎರಡು ಪ್ರೋಟೀನುಗಳಿವೆ. ಜಿ ಎಂಬುದು ನಮ್ಮ ಜೀವಕೋಶದ ಎಫ್ರಿನ್-ಬಿ2 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಎಫ್ ಎಂಬುದು ವೈರಸ್ಸಿನ ಪೊರೆಯನ್ನು ಕೋಶದ ಪೊರೆಗೆ ಬೆಸೆದು ಒಳದಾರಿ ಮಾಡುತ್ತದೆ. ಎಫ್ರಿನ್-ಬಿ2 ರಕ್ತನಾಳದ ಒಳಪದರದಲ್ಲೂ ನರಕೋಶಗಳಲ್ಲೂ ಇರುವುದರಿಂದಲೇ ಈ ಜ್ವರ ಮಿದುಳಿಗೆ ಏರುವುದು. ಜಿ ಪ್ರೋಟೀನಿನಲ್ಲಿ ಅದನ್ನು ಹಿಡಿಯುವ ಭಾಗವನ್ನು ವೈರಸ್ಸು ಮನಬಂದಂತೆ ಬದಲಿಸಿಕೊಂಡರೆ ಹಿಡಿತವೇ ತಪ್ಪೀತು. ಆ ಪ್ರೋಟೀನನ್ನು ದೇಹಕ್ಕೆ ಮೊದಲೇ ಪರಿಚಯಿಸುವ ಲಸಿಕೆ ಏಟು ಹಾಕಬೇಕಾದ್ದು ಅಲ್ಲಿಗೇ.

ಇದು ಬರಿಯ ಆಸೆಯಲ್ಲ. ನಿಪಾದ ಹತ್ತಿರದ ಬಂಧು ಹೆಂಡ್ರಾ ವೈರಸ್. ಅದರ ಜಿ ಪ್ರೋಟೀನಿನಿಂದ ಮಾಡಿದ ಲಸಿಕೆಯನ್ನು ಆಸ್ಟ್ರೇಲಿಯಾದಲ್ಲಿ 2012ರಿಂದ ಕುದುರೆಗಳಿಗೆ ಕೊಡುತ್ತಿದ್ದಾರೆ. ಅದೇ ಪ್ರೋಟೀನು ಪ್ರಯೋಗಾಲಯದ ಕೋತಿಗಳನ್ನು ನಿಪಾದಿಂದಲೂ ಉಳಿಸಿದೆ. ಇಡೀ ನಿಪಾ ವೈರಸ್ಸನ್ನು ಬೆಳೆಸಲು ನಾಲ್ಕನೇ, ಅಂದರೆ ಅತಿ ಬಿಗಿಯಾದ ಹಂತದ ಸುರಕ್ಷತೆಯ ಪ್ರಯೋಗಾಲಯವೇ ಬೇಕು; ಒಂದು ಪ್ರೋಟೀನು ಮಾಡಲು ಅದು ಬೇಡ.

ವಿರೋಧ

ಹಿಡಿತ ತಪ್ಪೀತೆಂಬ ಭಯಕ್ಕೆ ವೈರಸ್ಸು ಬದಲಾಗದೆ ಕೂರುತ್ತದೆಯೇ? ಕೊರೊನಾದ ಮೈಮೇಲಿನ ಸ್ಪೈಕ್ ಪ್ರೋಟೀನಿಗೇ ಗುರಿಯಿಟ್ಟ ಕೋವಿಶೀಲ್ಡನ್ನು ನಾವೆಲ್ಲ ಹಾಕಿಸಿಕೊಂಡೆವು. 2021ರ ಕೊನೆಗೆ ಬಂದ ಒಮಿಕ್ರಾನಿನ ಸ್ಪೈಕಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು, ಆದರೂ ಅದರ ಹಿಡಿತ ಸಡಿಲಲಿಲ್ಲ. ಲಸಿಕೆ ಜೀವ ಉಳಿಸಿತು, ಒಪ್ಪುತ್ತೇನೆ. ಸೋಂಕು ಮಾತ್ರ ಮನೆಮನೆಗೂ ಬಂತು.

ನನ್ನ ಮುಖ್ಯ ತಕರಾರು ಬೇರೆಯೇ. ನಿಪಾ ರೋಗಿಗಳು ಬೆರಳೆಣಿಕೆಯಷ್ಟು. ಲಸಿಕೆ ಮನುಷ್ಯರನ್ನು ಕಾಯುತ್ತದೆಯೆಂದು ಪರೀಕ್ಷಿಸಿ ತಿಳಿಯುವುದು ಬಹಳ ಕಷ್ಟ. 2018ರಲ್ಲಿ ಸೋಂಕು ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೆ. ಆರೈಕೆ ಮಾಡಿದ ನರ್ಸ್ ಲಿನಿ ಪುದುಶ್ಶೇರಿ ತೀರಿಕೊಂಡರು. ಆಗ ಅದನ್ನು ಕಟ್ಟಿಹಾಕಿದ್ದು ಲಸಿಕೆಯಲ್ಲ. ಕೈಗವಸು, ಮಾಸ್ಕ್, ರೋಗಿಯನ್ನು ಬೇರೆ ಇಟ್ಟದ್ದು, ಸಂಪರ್ಕಕ್ಕೆ ಬಂದವರನ್ನು ಒಬ್ಬೊಬ್ಬರನ್ನೇ ಹುಡುಕಿ ತೆಗೆದದ್ದು.

ಮಂಜೇಶ್ವರದವರಾದ ನಮಗೆ ಕಷ್ಟ ಬಂದರೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ದಾರಿ ಮುಚ್ಚಿದಾಗ ಡಯಾಲಿಸಿಸ್‌ಗೆ ಹೊರಟಿದ್ದ ನನ್ನ ಚಿಕ್ಕಪ್ಪನನ್ನು ಅರ್ಧ ದಾರಿಯಿಂದ ಮರಳಿ ಕರೆತಂದಿದ್ದೆ. ಕಾರಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಜಿ ಪ್ರೋಟೀನಿನ ಲಸಿಕೆ ಬರಲಿ, ನಾನೂ ಹಾಕಿಸಿಕೊಳ್ಳುತ್ತೇನೆ. ಅದಕ್ಕಿಂತ ಮೊದಲು ಮಿದುಳುಜ್ವರದ ರೋಗಿಯನ್ನು ಬೇರೆ ಇಟ್ಟು ನೋಡಿಕೊಳ್ಳುವ ಕೋಣೆಗಳು, ವೆಂಟಿಲೇಟರು, ಅಲ್ಲಿ ದುಡಿಯುವವರಿಗೆ ಸಾಕಷ್ಟು ಕೈಗವಸು ಗಡಿಯ ಈಚೆಗೇ, ನಮ್ಮ ತಾಲೂಕಿನಲ್ಲೇ ಸಿಗಬೇಕು.