ಕಾಲಾಳು ಮುಂದೆ, ಸಾಹೇಬರು ಇನ್ನೂ ಮುಂದೆ

ಮೊನ್ನೆ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದಿತ್ತು. ನೀವೂ ನೋಡಿರುತ್ತೀರಿ. ಇದು ಪ್ರತಿ ವರ್ಷ, ಪ್ರತಿ ಜಿಲ್ಲೆಯಲ್ಲಿ, ಹೆಚ್ಚುಕಮ್ಮಿ ಅದೇ ಫೋಟೊ ಹಾಕಿಕೊಂಡು ಬರುವ ಸುದ್ದಿ. ಜಿಲ್ಲಾ ಚೆಸ್ ತಂಡದ ಆಯ್ಕೆ ಪಂದ್ಯಾವಳಿ. ಉದ್ಘಾಟಿಸಿದವರ ಹೆಸರಿತ್ತು. ಅಧ್ಯಕ್ಷತೆ ವಹಿಸಿದವರ ಹೆಸರಿತ್ತು. ಗೌರವ ಅತಿಥಿಗಳು, ವಿಶೇಷ ಆಹ್ವಾನಿತರು, ಪ್ರಾರ್ಥಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಒಬ್ಬರನ್ನೂ ಬಿಟ್ಟಿರಲಿಲ್ಲ. ಕಡೆಯ ಸಾಲು ಹೀಗಿತ್ತು: ವಿಜೇತರಿಗೆ ಟ್ರೋಫಿ ವಿತರಿಸಲಾಯಿತು.

ಯಾರಪ್ಪ ಆ ವಿಜೇತರು? ಎಷ್ಟು ಅಂಕ? ತಂಡಕ್ಕೆ ಯಾರು ಆಯ್ಕೆಯಾದರು? ಅದೆಲ್ಲ ಅವರವರ ಮನೆಯವರಿಗೆ ಗೊತ್ತಿದ್ದರೆ ಸಾಕು ಅಲ್ವಾ. ಫೋಟೊದಲ್ಲಿ ಹುಡುಕಿದೆ. ಶಾಲು ಹೊದ್ದ ಗಣ್ಯರ ಸಾಲು. ಆ ಸಾಲಿನ ಮಧ್ಯದಲ್ಲಿ, ಯಾರದೋ ಮೊಣಕೈ ಕೆಳಗಿಂದ, ಒಂದು ಪುಟ್ಟ ಕೈ ಟ್ರೋಫಿಯ ಕಾಲು ಹಿಡಿದುಕೊಂಡಿತ್ತು. ಬಹುಶಃ ಅದೇ ಜಿಲ್ಲಾ ಚಾಂಪಿಯನ್.

ಸಂಘಟಕರನ್ನು ಬೈಯಲು ಹೊರಟಿಲ್ಲ. ನಿಜಕ್ಕೂ ಮೆಚ್ಚಬೇಕು. ಆಟಗಾರರ ಅಗತ್ಯವೇ ಇಲ್ಲದ ಹಾಗೆ ಆಟ ನಡೆಸುವುದು ಸುಲಭದ ಮಾತಲ್ಲ. ಕ್ರಿಕೆಟ್‌ನವರಿಗೂ ಇನ್ನೂ ಸಾಧ್ಯವಾಗಿಲ್ಲ.

ಈ ಉದ್ಘಾಟನೆಯನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಕಲ್ಯಾಣ ಮಂಟಪ. ವೇದಿಕೆಯ ಹಿಂದೆ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಕುದುರೆ ಸಣ್ಣದು, ಪ್ರಾಯೋಜಕರು ದೊಡ್ಡವರು. ಬೆಳಿಗ್ಗೆ 9 ಗಂಟೆಗೆ ಮೊದಲ ಸುತ್ತು ಎಂದು ನೋಟಿಸಿನಲ್ಲಿದೆ. ಮಕ್ಕಳು ಎಂಟೂವರೆಗೇ ಬಂದು, ಬೋರ್ಡ್ ಬಿಡಿಸಿ, ಕಾಯಿ ಜೋಡಿಸಿ ಕೂತಿವೆ. ಹತ್ತಕ್ಕೆ ಮೈಕಿನಲ್ಲಿ ‘ಸಾಹೇಬರು ಟೋಲ್ ದಾಟಿದ್ದಾರೆ’. ಹತ್ತೂವರೆಗೆ ‘ಸರ್ಕಲ್ ಹತ್ತಿರ ಇದ್ದಾರೆ’. ಹನ್ನೊಂದಕ್ಕೆ ಯಾರೂ ಏನೂ ಹೇಳುವುದಿಲ್ಲ. ಅಂದರೆ ಸಾಹೇಬರು ದಾರಿಯಲ್ಲಿ ಇನ್ನೊಂದು ಉದ್ಘಾಟನೆಗೆ ಇಳಿದಿದ್ದಾರೆ.

ಬಂದರು. ದೀಪ ಬೆಳಗಿದರು. ಈಗ ಮೊದಲ ನಡೆ. ವೇದಿಕೆಯ ಮೇಲಿನ ಬೋರ್ಡನ್ನು ಅಡ್ಡಕ್ಕೆ ಇಟ್ಟಿದ್ದಾರೆ. ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರಬೇಕು, ಬಂದಿರುವುದು ಕಪ್ಪು. ಮುಂದಿನ ಸಾಲಿನ ಆರು ವರ್ಷದ ಹುಡುಗಿಗೆ ಅದು ಕಂಡಿದೆ. ಅಮ್ಮನ ಸೆರಗು ಎಳೆದು ಹೇಳುತ್ತಿದ್ದಾಳೆ. ಅಮ್ಮ ‘ಶ್, ಸುಮ್ನಿರು’ ಎನ್ನುತ್ತಿದ್ದಾರೆ. ಸಾಹೇಬರು ಮೊದಲು ರಾಜನನ್ನು ಮುಟ್ಟಿದರು. ಆಮೇಲೆ ಆನೆಯನ್ನು. ಮುಟ್ಟಿದ ಕಾಯನ್ನೇ ನಡೆಸಬೇಕು ಎಂಬ ನಿಯಮ ಮಕ್ಕಳಿಗೆ ಮಾತ್ರ. ‘ಸಾರ್, ಮುಂದಿನ ಸಾಲು ಸಾರ್, ಮಧ್ಯದ್ದು, ಎರಡು ಮನೆ’ ಎಂದು ಕಾರ್ಯದರ್ಶಿ ಕಿವಿಯಲ್ಲಿ ಹೇಳಿದರು. ಸಾಹೇಬರು ಕಾಲಾಳನ್ನು ಮೂರು ಮನೆ ತಳ್ಳಿದರು. ಎದುರು ಕೂತ ಸಂಘದ ಅಧ್ಯಕ್ಷರೂ ಅದೇ ಹೊತ್ತಿಗೆ ತಮ್ಮದೊಂದು ಕಾಯಿ ತಳ್ಳಿಬಿಟ್ಟರು. ಚಪ್ಪಾಳೆ. ‘ಸಾರ್, ಇನ್ನೊಂದ್ಸಲ, ಕೈ ಹಾಗೇ ಇಟ್ಕೊಳಿ’ ಎಂದ ಫೋಟೊಗ್ರಾಫರ್. ಆ ಕಾಲಾಳು ಇನ್ನೊಂದು ಮನೆ ಮುಂದೆ ಹೋಯಿತು.

ಆಮೇಲೆ ಭಾಷಣ. ಚೆಸ್ ಹುಟ್ಟಿದ್ದು ಭಾರತದಲ್ಲಿ. ಚೆಸ್‌ನಿಂದ ಜ್ಞಾಪಕಶಕ್ತಿ ಹೆಚ್ಚುತ್ತದೆ. ಮಕ್ಕಳು ಮೊಬೈಲ್ ಬಿಡಬೇಕು. ಇಷ್ಟು ಹೇಳುವಾಗ ಅವರ ಜೇಬಿನಲ್ಲೇ ಮೊಬೈಲ್ ಹಾಡಿತು.

ಚೆಸ್‌ನ ನಿಯಮ ಗೊತ್ತಿಲ್ಲದವರಿಗೆ ಎರಡು ಮಾತು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಕಾನೂನಿನಲ್ಲಿ ‘ಡಿಫಾಲ್ಟ್ ಟೈಮ್’ ಅಂತ ಒಂದಿದೆ. ಸುತ್ತು ಶುರುವಾದ ಮೇಲೆ ಇಂತಿಷ್ಟು ಹೊತ್ತಿನೊಳಗೆ ಬೋರ್ಡಿನ ಮುಂದೆ ಬಂದು ಕೂರಬೇಕು, ಇಲ್ಲದಿದ್ದರೆ ಆಡದೇ ಸೋತ ಹಾಗೆ. ಬಸ್ ಕೆಟ್ಟಿತ್ತು ಅಂದರೂ ಸಾಮಾನ್ಯವಾಗಿ ಕೇಳುವವರಿಲ್ಲ. ಆಡುವಾಗ ಮೊಬೈಲ್ ಸದ್ದು ಮಾಡಿದರೂ ಅಷ್ಟೇ, ಆ ಪಂದ್ಯ ಕೈಬಿಟ್ಟಿತು. ಈ ಎರಡು ನಿಯಮವನ್ನು ವೇದಿಕೆಗೂ ಅನ್ವಯಿಸಿದರೆ, ನಮ್ಮ ರಾಜ್ಯದ ಗಣ್ಯರೆಲ್ಲ ಇಷ್ಟು ಹೊತ್ತಿಗೆ ಸೊನ್ನೆ ಅಂಕದಲ್ಲಿ ಇರುತ್ತಿದ್ದರು.

ಸಾಹೇಬರ ತಪ್ಪೂ ಇಲ್ಲ ಬಿಡಿ. ಅವರು ಚೆಸ್ ಕಲಿತದ್ದು ಪೇಪರಿನ ಮುಖಪುಟದಿಂದ. ಕನ್ನಡ ಪತ್ರಿಕೆಗಳಲ್ಲಿ ಚೆಸ್ ಜಾಸ್ತಿ ಕಾಣುವುದು ಕ್ರೀಡಾ ಪುಟದಲ್ಲಿ ಅಲ್ಲ, ರಾಜಕೀಯದಲ್ಲಿ. ಭಿನ್ನರಿಗೆ ಹೈಕಮಾಂಡ್ ಚೆಕ್‌ಮೇಟ್. ಮರುದಿನ ಹೈಕಮಾಂಡಿಗೆ ಭಿನ್ನರ ಚೆಕ್‌ಮೇಟ್. ವಾರದ ಕೊನೆಗೆ ಇಬ್ಬರಿಗೂ ಮಠಾಧೀಶರೊಬ್ಬರ ಚೆಕ್‌ಮೇಟ್. ಚೆಕ್‌ಮೇಟ್ ಅಂದರೆ ಆಟ ಮುಗಿಯಿತು, ಕೈಕುಲುಕಿ ಎದ್ದು ಹೋಗಬೇಕು. ನಮ್ಮಲ್ಲಿ ಚೆಕ್‌ಮೇಟ್ ಆದವರೇ ಸಂಜೆ ಟೀವಿಯಲ್ಲಿ ಕೂತು ‘ಆಟ ಈಗ ಶುರು’ ಎನ್ನುತ್ತಾರೆ. ಐದು ವರ್ಷ ರಾಜನೂ ಸಾಯುವುದಿಲ್ಲ, ಆಟವೂ ಮುಗಿಯುವುದಿಲ್ಲ. ಒಂಟೆ ಮಾತ್ರ ಯಾವ ಪಕ್ಷದಲ್ಲಿದ್ದರೂ ಅಡ್ಡದಾರಿಯಲ್ಲೇ ನಡೆಯುತ್ತದೆ.

ಇಷ್ಟು ಚೆಕ್‌ಮೇಟ್ ಕೊಡುವ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ (ಚೆಸ್‌ನ ಅತಿ ದೊಡ್ಡ ಪಟ್ಟ) ಸಿಕ್ಕಿದ್ದು 2017ರಲ್ಲಿ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ದೇಶಕ್ಕೆ ಅವರು 50ನೆಯವರು. ಪಕ್ಕದ ಚೆನ್ನೈನ ವಿಶ್ವನಾಥನ್ ಆನಂದ್ 1988ರಲ್ಲೇ ಆ ಪಟ್ಟ ಪಡೆದಿದ್ದರು. ನಡುವೆ 29 ವರ್ಷ. ಅದೇ ಮೈಸೂರಿನ ಅರಮನೆಯಲ್ಲಿ ಕೂತು ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲೇ ಕುದುರೆ ಓಟದ ಒಗಟು ಕಟ್ಟುತ್ತಿದ್ದರು. ಕುದುರೆ ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ ಇಡೀ ಹಾಸನ್ನು ಸುತ್ತಿ ಬರುವ ಲೆಕ್ಕ. ಭಾಷಣಕಾರರಿಗೆ ಇದು ಚೆನ್ನಾಗಿ ಗೊತ್ತು, ಪ್ರತಿ ಸಲ ಹೇಳುತ್ತಾರೆ. ತೇಜ್‌ಕುಮಾರ್ ಹೆಸರು ಕೇಳಿ ನೋಡಿ. ‘ಯಾರು, ನಮ್ಮ ಬ್ಲಾಕ್ ಅಧ್ಯಕ್ಷರ ತಮ್ಮನಾ?’

ಗೆದ್ದ ಮೇಲೆ ಮಾತ್ರ ನೆಂಟರು ಬಹಳ. 2024ರ ಡಿಸೆಂಬರ್‌ನಲ್ಲಿ ಚೆನ್ನೈನ ಗುಕೇಶ್ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಾಗ ಏನಾಯಿತು, ನೆನಪಿದೆಯಲ್ಲ. ಚಂದ್ರಬಾಬು ನಾಯ್ಡು ‘ನಮ್ಮ ತೆಲುಗು ಹುಡುಗ’ ಎಂದರು. ಸ್ಟಾಲಿನ್ ಸರ್ಕಾರ 5 ಕೋಟಿ ಕೊಟ್ಟಿತು. ಎರಡೂ ಕಡೆಯ ಅಭಿಮಾನಿಗಳು ಹುಡುಗನ ಮನೆಮಾತು ಯಾವುದು, ಅಡುಗೆಗೆ ಹುಣಸೆ ಎಷ್ಟು ಎಂಬ ಮಟ್ಟಕ್ಕೆ ಇಳಿದರು. ಉಳಿದ ದೇಶ ಅವನ ಬಹುಮಾನದಲ್ಲಿ ಆದಾಯ ತೆರಿಗೆ ಎಷ್ಟು ಎಂದು ಕೂಡಿ ಕಳೆಯುತ್ತಿತ್ತು. ಕನ್ನಡಿಗರು ಸುಮ್ನೆ ಕೂತಿದ್ದು ನನಗಂತೂ ಆಶ್ಚರ್ಯ. ಹುಡುಕಿದ್ದರೆ ಕೋಲಾರದ ಕಡೆಯ ಒಂದು ಸಂಬಂಧ ಸಿಗುತ್ತಿರಲಿಲ್ಲವೇ?

ಇರಲಿ, ಮತ್ತೆ ತಂಡದ ಸುದ್ದಿಗೆ ಬರೋಣ. ಜಿಲ್ಲೆಯವರು ಟ್ರೋಫಿಯನ್ನಾದರೂ ಮಕ್ಕಳ ಕೈಗೆ ಕೊಡುತ್ತಾರೆ. ದೇಶದ ಮಟ್ಟದ ಕಥೆ ಕೇಳಿ. 2022ರಲ್ಲಿ ದೇಶ ದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡ್ ಚೆನ್ನೈ ಪಕ್ಕದ ಮಾಮಲ್ಲಪುರದಲ್ಲಿ ನಡೆಯಿತು. ಒಲಿಂಪಿಕ್ಸ್‌ಗೆ ಇದೆ ಅಂತ ಚೆಸ್‌ಗೂ ಮೊದಲ ಬಾರಿ ಜ್ಯೋತಿಯಾತ್ರೆ. ದೆಹಲಿಯಲ್ಲಿ ಪ್ರಧಾನಿ ಚಾಲನೆ ಕೊಟ್ಟರು, 75 ಊರು ಸುತ್ತಿತು. ಕೂತಲ್ಲಿಂದ ಏಳದ ಆಟಕ್ಕೆ ದೇಶವೆಲ್ಲ ಓಡಿತು. ಚೆನ್ನೈನ ನೇಪಿಯರ್ ಸೇತುವೆಗೆ ಕಪ್ಪು ಬಿಳಿ ಚೌಕ ಬಳಿದರು. ಪಂಚೆ ಉಟ್ಟ ಕುದುರೆ ‘ತಂಬಿ’ ಎಲ್ಲ ಕಡೆ ಕೈಮುಗಿದು ನಿಂತಿತು. ಚೆನ್ನಾಗಿಯೇ ಮಾಡಿದರು, ಇಲ್ಲ ಅನ್ನುವುದಿಲ್ಲ. ಮುಕ್ತ ವಿಭಾಗ, ಮಹಿಳಾ ವಿಭಾಗ ಎರಡನ್ನೂ ಸೇರಿಸಿ ಅತ್ಯುತ್ತಮವಾಗಿ ಆಡಿದ ದೇಶಕ್ಕೆ ಕೊಡುವ ಗಪ್ರಿಂದಾಶ್ವಿಲಿ ಕಪ್ ಭಾರತಕ್ಕೇ ಬಂತು.

ಈ ಕಪ್ಪನ್ನು ಮುಂದಿನ ಒಲಿಂಪಿಯಾಡಿಗೆ ವಾಪಸ್ ಒಯ್ಯಬೇಕು. 2024ರ ಸೆಪ್ಟೆಂಬರ್, ಬುಡಾಪೆಸ್ಟ್. ಕಪ್ ಎಲ್ಲಿ? ಕಪ್ ಇಲ್ಲ. ಅಖಿಲ ಭಾರತ ಚೆಸ್ ಒಕ್ಕೂಟದವರು ಹುಡುಕಿದರು, ಸಿಗಲಿಲ್ಲ. ಊರೂರು ಸುತ್ತಿದ ಜ್ಯೋತಿ ಎಲ್ಲೂ ಕಳೆಯಲಿಲ್ಲ, ಒಂದು ಕಡೆ ಇಡಬೇಕಾಗಿದ್ದ ಕಪ್ ಕಳೆದುಹೋಯಿತು. ಕೊನೆಗೆ ಅದರದೇ ನಕಲು ಮಾಡಿಸುವ ಏರ್ಪಾಟಾಯಿತು.

ಕಪ್ಪಿಗೆ ಹೆಸರು ಕೊಟ್ಟ ನೋನಾ ಗಪ್ರಿಂದಾಶ್ವಿಲಿ ಜಾರ್ಜಿಯಾದ ಹೆಣ್ಣುಮಗಳು. 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಪಡೆದ ಮೊದಲ ಮಹಿಳೆ. ಅಮೆರಿಕದ ಒಂದು ಧಾರಾವಾಹಿಯಲ್ಲಿ ‘ಈಕೆ ಗಂಡಸರ ಎದುರು ಆಡೇ ಇಲ್ಲ’ ಎಂಬರ್ಥದ ಮಾತು ಬಂತು ಅಂತ, ಎಂಬತ್ತರ ವಯಸ್ಸಿನಲ್ಲಿ ಕೋರ್ಟಿಗೆ ಹೋದ ಅಜ್ಜಿ. ನಮ್ಮ ಪುಣ್ಯ, ಕಪ್ ಕಳೆದವರ ಮೇಲೆ ಕೇಸು ಹಾಕಲಿಲ್ಲ.

ಇದರ ಮಜಾ ಮುಂದಿದೆ. ಅದೇ ಬುಡಾಪೆಸ್ಟಿನಲ್ಲಿ ಗುಕೇಶ್, ಅರ್ಜುನ್, ಪ್ರಜ್ಞಾನಂದ, ವಿದಿತ್, ಹರಿಕೃಷ್ಣ ಮೊದಲ ಬಾರಿ ಚಿನ್ನ ಗೆದ್ದರು. ಹಾರಿಕಾ, ವೈಶಾಲಿ, ದಿವ್ಯಾ, ವಂತಿಕಾ, ತಾನಿಯಾ ಕೂಡ ಮೊದಲ ಬಾರಿ ಚಿನ್ನ ಗೆದ್ದರು. ಎರಡೂ ಚಿನ್ನ ನಮ್ಮದಾದ ಮೇಲೆ ಗಪ್ರಿಂದಾಶ್ವಿಲಿ ಕಪ್ ಇನ್ಯಾರಿಗೆ ಹೋಗಬೇಕು? ನಮಗೇ. ನಾವೇ ಕಳೆದಿದ್ದನ್ನು ನಾವೇ ಗೆದ್ದೆವು. ಆಡಳಿತಗಾರರು ಮಾಡಿದ ಸಾಲವನ್ನು ಆಟಗಾರರು ತೀರಿಸಿದರು. ಬೇರೆ ದೇಶ ಗೆದ್ದಿದ್ದರೆ ಏನು ಮುಖ ತೋರಿಸಬೇಕಿತ್ತು ಹೇಳಿ.

ಇದೇ ಒಕ್ಕೂಟದ ಇನ್ನೊಂದು ಸಾಧನೆ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ತಮ್ಮ ಅನುಮತಿ ಇಲ್ಲದ ಟೂರ್ನಿಗಳಲ್ಲಿ ಆಡಿದರು ಎಂದು ಕೆಲವು ಆಟಗಾರರ ಮೇಲೆ ನಿಷೇಧ ಹಾಕಿತ್ತು. ಕಳ್ಳಾಟಕ್ಕಲ್ಲ, ಆಡಿದ್ದಕ್ಕೆ! ಚೆಸ್ ಬೆಳೆಸಲು ಇರುವ ಸಂಸ್ಥೆ, ಚೆಸ್ ಆಡಿದ್ದು ತಪ್ಪು ಎಂದಿತು. ಆಟಗಾರರು ಭಾರತೀಯ ಸ್ಪರ್ಧಾ ಆಯೋಗದ ಮೆಟ್ಟಿಲು ಹತ್ತಿದರು. 2018ರಲ್ಲಿ ಆಯೋಗ ಒಕ್ಕೂಟಕ್ಕೆ 6.92 ಲಕ್ಷ ರೂಪಾಯಿ ದಂಡ ಹಾಕಿತು. ಸಿಮೆಂಟ್ ಕಂಪನಿಗಳ ಬೆಲೆಯಾಟ ವಿಚಾರಿಸುವ ಆಯೋಗ ಕೂತು ಚೆಸ್ ಸಂಘದ ದರ್ಬಾರು ವಿಚಾರಿಸಬೇಕಾಯಿತು.

ರೇಟಿಂಗ್, ಅಂದರೆ ಆಟಗಾರರ ಬಲ ಅಳೆಯುವ ಅಂಕ, ಅದರ ವಿಷಯಕ್ಕೂ ಒಂದು ನಮಸ್ಕಾರ. 2024ರ ಮಾರ್ಚ್ 1ರಂದು ಫಿಡೆಯವರು 2000ಕ್ಕಿಂತ ಕಡಿಮೆ ರೇಟಿಂಗ್ ಇದ್ದವರಿಗೆಲ್ಲ ಒಂದೇ ಸಲ ಅಂಕ ಕೂಡಿಸಿದರು. 2000ಕ್ಕೆ ಎಷ್ಟು ಕಡಿಮೆಯೋ ಅದರಲ್ಲಿ ನೂರಕ್ಕೆ 40. ಅಂದರೆ 1000 ಇದ್ದವರು ಬೆಳಿಗ್ಗೆ ಎದ್ದಾಗ 1400. 1500 ಇದ್ದವರು 1700. ಅವರ ಲೆಕ್ಕಕ್ಕೆ ಕಾರಣವಿತ್ತು, ಕೆಳಗಿನ ರೇಟಿಂಗ್‌ಗಳು ಕುಸಿದುಹೋಗಿದ್ದವು. ಆದರೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಅವತ್ತು ಸಂಜೆ ಪೇಡ ಹಂಚಿದರು. ‘ಒಂದು ತಿಂಗಳ ಕೋಚಿಂಗ್‌ನಲ್ಲಿ 300 ಪಾಯಿಂಟ್ ಏರಿಕೆ’ ಎಂದು ಅಕಾಡೆಮಿಗಳು ಪಾಂಪ್ಲೆಟ್ ಹೊಡೆಸಿದ್ದರೆ ತಪ್ಪು ಹೇಳಲಾಗುತ್ತಿರಲಿಲ್ಲ. ಅದೇ ವರ್ಷ ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದರಲ್ಲ, ಫಿಡೆಯವರು ನಮ್ಮನ್ನು ನೋಡಿ ಕಲಿತರೋ ಎನ್ನೋಣ ಅಂದರೆ, ಅವರದು ಎರಡು ತಿಂಗಳು ಮೊದಲು.

ಈಗ ಹೇಳಿ, ಜಿಲ್ಲಾ ತಂಡಕ್ಕೆ ಆಯ್ಕೆಯಾಗದಿದ್ದರೆ ಏನು ಗತಿ? ಗಾಬರಿ ಬೇಡ. ನಮ್ಮಲ್ಲಿ ‘ವಿಶೇಷ ಪ್ರವೇಶ’ ಅಂತ ಒಂದು ಬಾಗಿಲಿದೆ. ರಾಷ್ಟ್ರೀಯ ಟೂರ್ನಿಗೆ ಆಡಿ ಗೆದ್ದು ಹೋಗುವುದು ಒಂದು ದಾರಿ. ಜಾಸ್ತಿ ಶುಲ್ಕ ಕಟ್ಟಿ ಹೋಗುವುದು ಇನ್ನೊಂದು. ಮೆಡಿಕಲ್ ಸೀಟಿನ ಮ್ಯಾನೇಜ್‌ಮೆಂಟ್ ಕೋಟಾ ಕಂಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದವನಿಗೆ ಸಿಗುವುದು ಒಂದು ಸರ್ಟಿಫಿಕೇಟು. ಸೋತು ದುಡ್ಡು ಕಟ್ಟಿದವನಿಗೆ ಅದೇ ಹಾಲ್, ಅದೇ ಊಟ, ಅದೇ ಫೋಟೊ.

ನಗು ಬರುತ್ತದೆ ಅಂತ ಬರೆಯುತ್ತಾ ಬಂದೆ. ಆದರೆ ನಿಜವಾಗಿ ಸಾಕಾಗಿದೆ. ರಾತ್ರಿಯೆಲ್ಲ ಕೆಂಪು ಬಸ್ಸಿನಲ್ಲಿ ಕೂತು ಬಂದ ಹುಡುಗ ಅಲ್ಲೊಬ್ಬ ಇರುತ್ತಾನೆ. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದು, ಎರಡು ಇಡ್ಲಿ ತಿಂದು, ಎಂಟೂವರೆಗೆ ಬೋರ್ಡಿನ ಮುಂದೆ ಕೂತಿರುತ್ತಾನೆ. ಅಪ್ಪನಿಗೆ ಅವತ್ತಿನ ಕೂಲಿ ಇಲ್ಲ. ಒಳಗೆ ಪೋಷಕರಿಗೆ ಪ್ರವೇಶವಿಲ್ಲ, ಆತ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದಾನೆ. ಮೊದಲ ಸುತ್ತೇ ಹನ್ನೊಂದೂವರೆಗೆ ಶುರುವಾದರೆ ಕಡೇ ಸುತ್ತು ರಾತ್ರಿ ಎಂಟಕ್ಕೆ. ಊರಿಗೆ ಹೋಗುವ ಕೊನೇ ಬಸ್ ಏಳೂವರೆಗೆ. ಆ ಹುಡುಗ ಕಡೇ ಸುತ್ತು ಬಿಟ್ಟು ಎದ್ದು ಹೋಗುತ್ತಾನೆ. ಫಲಿತಾಂಶದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ‘ಗೈರು’ ಎಂದು ಬರೆಯುತ್ತಾರೆ. ಎರಡೂವರೆ ಗಂಟೆ ತಡ ಮಾಡಿದವರು ಯಾರು, ಗೈರು ಯಾರಿಗೆ? ಈ ಒಂದು ಲೆಕ್ಕವನ್ನು ಚೆಸ್ ಸಂಘದಲ್ಲಿ ಯಾರಾದರೂ ಕೂತು ಮಾಡಿದ್ದಾರಾ? ಉದ್ಘಾಟನೆ ಸಂಜೆ ಇಟ್ಟುಕೊಳ್ಳಿ ಎಂದರೆ ಆಗುವುದಿಲ್ಲವಂತೆ. ಸಂಜೆ ಸಾಹೇಬರಿಗೆ ಬೇರೆ ಕಾರ್ಯಕ್ರಮ ಇರುತ್ತದಂತೆ.

ಫಲಿತಾಂಶದ ಹಾಳೆಯನ್ನು ಕೇಳಿಕೊಂಡು ಮರುದಿನ ಪರಿಚಯದ ಪದಾಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. ‘ಗ್ರೂಪಿಗೆ ಹಾಕಿದ್ದೀವಲ್ಲ ಸಾರ್’ ಎಂದರು. ಗ್ರೂಪಿನಲ್ಲಿ ಉದ್ಘಾಟನೆಯ ಫೋಟೊಗಳಿದ್ದವು, ಬೇರೆ ಬೇರೆ ಕೋನದಿಂದ. ಆಮೇಲೆ ಗುಡ್ ಮಾರ್ನಿಂಗ್ ಗುಲಾಬಿ. ಆಮೇಲೆ ಮುಂದಿನ ಪಂದ್ಯಾವಳಿಯ ನೋಟಿಸು. ಶುಲ್ಕ ಏರಿದೆ. ಚೆಸ್ ಬೋರ್ಡು, ಕಾಯಿ, ಗಡಿಯಾರವನ್ನು ಆಟಗಾರರೇ ತರತಕ್ಕದ್ದು. ಮುಖ್ಯ ಅತಿಥಿಗಳ ಹೆಸರು ಖಾತ್ರಿಯಾಗಿದೆ, ದಿನಾಂಕ ಇನ್ನೂ ಖಾತ್ರಿಯಾಗಿಲ್ಲ.