ಡಿ ವಲೇರಾ ಬಯಸಿದ್ದು, ಐರಿಶ್ ಮತದಾರರು ಉಳಿಸಿಕೊಂಡದ್ದು

ಐರ್ಲೆಂಡಿನ ಗಣರಾಜ್ಯವಾದಿಗಳು 1919ರ ಜನವರಿ 21ರಂದು ಡಬ್ಲಿನ್ನಿನ ಮ್ಯಾನ್ಷನ್ ಹೌಸ್‌ನಲ್ಲಿ ತಮ್ಮದೇ ಸಂಸತ್ತು ‘ಡಾಲ್ ಏರನ್’ ಸ್ಥಾಪಿಸಿದಾಗ, ಅವರ ನಾಯಕ ಏಮನ್ ಡಿ ವಲೇರಾ ಇಂಗ್ಲೆಂಡಿನ ಲಿಂಕನ್ ಜೈಲಿನಲ್ಲಿದ್ದರು. ಹಿಂದಿನ ತಿಂಗಳ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲಿ ಅವರ ಪಕ್ಷ ಶಿನ್ ಫೇನ್ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಗೆದ್ದಿತ್ತು. ಆ ಪೈಕಿ 25 ಅವಿರೋಧ; ಸ್ಪರ್ಧೆ ನಡೆದ ಕಡೆ ಸಿಕ್ಕ ಮತ ಶೇ 47ರ ಆಸುಪಾಸು. ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ, ನಮಗೆ ಚೆನ್ನಾಗಿ ಗೊತ್ತಿರುವ ಪದ್ಧತಿಯ ಫಲ ಅದು.

1922ರ ಸಂವಿಧಾನ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು, ಅಂದರೆ ಸಿಕ್ಕ ಮತಕ್ಕೆ ತಕ್ಕಷ್ಟು ಸ್ಥಾನ ಸಿಗುವ ಪದ್ಧತಿಯನ್ನು, ಕಡ್ಡಾಯ ಮಾಡಿತು. ಡಿ ವಲೇರಾ ತಾವೇ ಮುಂದೆ ನಿಂತು ರೂಪಿಸಿದ 1937ರ ಸಂವಿಧಾನದಲ್ಲೂ ಅದು ಉಳಿಯಿತು: ಒಂದು ಕ್ಷೇತ್ರಕ್ಕೆ ಕನಿಷ್ಠ ಮೂವರು ಸದಸ್ಯರು. ಆದರೆ ಪಕ್ಷಗಳು ಚೂರಾಗಿ ಸರ್ಕಾರಗಳು ದುರ್ಬಲವಾಗುತ್ತವೆ ಎಂಬ ವಾದ ಮುಂದಿಟ್ಟು, 1959ರಲ್ಲಿ ಅವರೇ ಅದನ್ನು ತೆಗೆಯಹೊರಟರು. ಜೂನ್ 17ರಂದು ಜನ ಅವರನ್ನು ರಾಷ್ಟ್ರಪತಿಯಾಗಿ ಆರಿಸಿದರು. ಅದೇ ದಿನ ಅವರ ಪ್ರಸ್ತಾವವನ್ನು ಶೇ 51.8 ಮತಗಳಿಂದ ತಿರಸ್ಕರಿಸಿದರು. ಮತದಾರರದ್ದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಣಿಕೆಯನ್ನೇ ನೋಡಿ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ನಾಲ್ಕು ಸ್ಥಾನ, 50,000 ಸಿಂಧು ಮತ ಎಂದುಕೊಳ್ಳೋಣ. ಮತಗಳನ್ನು ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ ಐದರಿಂದ ಭಾಗಿಸಿ ಒಂದು ಕೂಡಿಸಿದರೆ 10,001. ಗೆಲ್ಲಲು ಬೇಕಾದ ಕೋಟಾ ಅದು. ಯಾರಿಗಾದರೂ 12,001 ಬಂದರೆ ಹೆಚ್ಚುವರಿ 2,000 ಮತಗಳು ಮುಂದಿನ ಪ್ರಾಶಸ್ತ್ಯದಂತೆ ಬೇರೆಯವರಿಗೆ ಹೋಗುತ್ತವೆ. ಹೆಚ್ಚುವರಿ ಹಂಚಿಕೆ ಮುಗಿದ ಮೇಲೆ ಕೊನೆಯಲ್ಲಿರುವವರು ಹೊರಬೀಳುತ್ತಾರೆ, ಅವರ ಮತಪತ್ರಗಳೂ ಹಾಗೆಯೇ ವರ್ಗವಾಗುತ್ತವೆ. ಪೆಟ್ಟಿಗೆ ತೆರೆಯುತ್ತಿದ್ದಂತೆ ಪಕ್ಷದವರು ಅಡ್ಡಗಟ್ಟೆಗೆ ಒರಗಿ, ಮೊದಲ ಪ್ರಾಶಸ್ತ್ಯ ಯಾರಿಗೆಂದು ಹಾಳೆಯಲ್ಲಿ ಗೀಟು ಹಾಕಿಕೊಳ್ಳುತ್ತಾರೆ. ತೊಂದರೆಗಳೂ ಇವೆ. ಎಣಿಕೆ ದಿನಗಟ್ಟಲೆ ಎಳೆಯುತ್ತದೆ. ಒಂದೇ ಪಕ್ಷದ ಇಬ್ಬರು ಪರಸ್ಪರ ಸ್ಪರ್ಧಿಸುವುದರಿಂದ ಸದಸ್ಯರು ರಸ್ತೆ, ಚರಂಡಿ ಅಹವಾಲುಗಳಲ್ಲೇ ಮುಳುಗುತ್ತಾರೆ.

ಇದು ಕರ್ನಾಟಕಕ್ಕೆ ಹೊಸದೇನಲ್ಲ. ರಾಜ್ಯಸಭೆಯ ನಾಲ್ಕು ಸ್ಥಾನಗಳಿಗೆ 224 ಶಾಸಕರು ಮತ ಹಾಕುವಾಗ ಪ್ರತಿ ಮತಕ್ಕೆ 100 ಮೌಲ್ಯ. ಕೋಟಾ 4,481, ಅಂದರೆ ಗೆಲ್ಲಲು 45 ಮತ. ಶಾಸಕರಿಗಿರುವ ಈ ಹಕ್ಕು ಅವರನ್ನು ಆರಿಸುವ ಮತದಾರರಿಗಿಲ್ಲ. ಐರಿಶ್ ಸಂವಿಧಾನದಿಂದ ರಾಜ್ಯ ನೀತಿ ನಿರ್ದೇಶಕ ತತ್ವಗಳನ್ನು ಪಡೆದ ನಾವು, ಅದರ ಎಣಿಕೆಯನ್ನು ವಿಧಾನಸಭೆಯ ಹೊಸ್ತಿಲು ದಾಟಿಸಲಿಲ್ಲ. ಕನಿಷ್ಠ ನಗರಸಭೆಗಳಲ್ಲಾದರೂ ನಾಲ್ಕು ವಾರ್ಡು ಕೂಡಿಸಿ ನಾಲ್ವರನ್ನು ಹೀಗೆ ಆರಿಸಿ ನೋಡಬೇಕು. ಐರ್ಲೆಂಡ್ ಕೂಡ ದೇಶಕ್ಕೆಲ್ಲ ವಿಸ್ತರಿಸುವ ಮೊದಲು ಸ್ಲೈಗೋ ಪಟ್ಟಣದ ನಗರಸಭೆಯಲ್ಲಿ ಇದನ್ನು ಪ್ರಯೋಗಿಸಿತ್ತು.